ಸಾಸವಡದ ಹಸಿರು ಚುಕ್ಕೆ

ಅಥವಾ ಕಾಕಾನ ಆ ಯಂತ್ರ ಫ್ರಿಜ್ಜಿನ ಮೇಲಿತ್ತೋ? ಇಲ್ಲ, ದೇವರ ಕೋಣೆಯಲ್ಲೇ ಇತ್ತು ಅನ್ನಿಸುತ್ತದೆ. ಫ್ರಿಜ್ಜಿನ ಮೇಲೆ ಕಾಣುತ್ತಿರುವುದು ಕಾಕಾನ ಹೆಂಡತಿ ಕಾಕೂ ಅವರ ಕುಕ್ಕರ್ ಇರಬೇಕು. ನನ್ನ ನೆನಪು ಸಾಮಾನುಗಳನ್ನು ತನಗೆ ಬೇಕಾದಲ್ಲಿ ಜೋಡಿಸಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಏನು ಎಲ್ಲಿತ್ತೆಂಬುದನ್ನು ಓದುಗರು ನಂಬಬೇಕಿಲ್ಲ. ಒಂದನ್ನು ಮಾತ್ರ ನಂಬಬಹುದು. ಮರಾಠಿ ಸೀಮೆಯ ನಿಗಡಿಯಲ್ಲಿ ಪಂಪಿನ ಬಿಡಿಭಾಗ ಮಾರುವ ನನ್ನ ಕಾಕಾ, ಅಂತರ್ಜಾಲಕ್ಕೆ ಯಜಮಾನರೇ ಇರಬಾರದೆಂದು ತೀರ್ಮಾನಿಸಿ, ಆ ಕೆಲಸವನ್ನು ಮನೆಯಿಂದಲೇ ಶುರು ಮಾಡಿದರು.

"ನಮ್ಮ ಫೋಟೋ, ನಮ್ಮ ಹಾಡು ಎಲ್ಲಾ ಯಾವನೋ ಒಬ್ಬನ ಗೋದಾಮಿನ್ಯಾಗ ಅದ," ಅಂದರು. "ಅವ ನಾಳೆ ಶಟರ್ ಎಳದ್ರ?"

"ಎಳದ್ರ?"

"ನಾವು ಹೊರಗ."

ಶಟರ್ ವಿಷಯದಲ್ಲಿ ಕಾಕಾಗೆ ಅನುಭವವಿತ್ತು. ಅವರೂ ನನ್ನ ದೊಡ್ಡಪ್ಪನೂ ಒಂದೇ ಅಂಗಡಿ ನಡೆಸುತ್ತಿದ್ದವರು. ಅಂಗಡಿ ಪಾಲಾಯಿತು, ದೊಡ್ಡಪ್ಪ ಸಾಸವಡಕ್ಕೆ ಹೋಗಿ ಬಟ್ಟೆ ಅಂಗಡಿ ಹಾಕಿದರು, ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಫೋನೂ ಇಲ್ಲ.

ಕಾಕಾನ ಪರಿಹಾರ ಸರಳ. ಮನೆಮನೆಗೊಂದು ಪುಟ್ಟ ಸರ್ವರ್, ನಡುವೆ ದೊಡ್ಡವರು ಯಾರೂ ಬೇಡ. ಒಬ್ಬರದರ ಪ್ರತಿ ಇನ್ನೊಬ್ಬರಲ್ಲಿ. ಒಂದು ಯಂತ್ರ ಇನ್ನೊಂದನ್ನು ಆಗಾಗ "ಇದ್ದೀಯಾ?" ಎಂದು ಕೇಳುತ್ತದೆ, ಉತ್ತರ ಬಂದರೆ ಪರದೆಯ ಮೇಲೆ ಹಸಿರು ಚುಕ್ಕೆ, ಬರದಿದ್ದರೆ ಕೆಂಪು.

ಮೊದಲ ಸರ್ವರ್ ಆದದ್ದು ಅವರ ಹಳೆಯ ಲ್ಯಾಪ್‌ಟಾಪು. ಅದರ ಕುತ್ತಿಗೆ ಮುರಿದಿದ್ದರಿಂದ ಪರದೆಯನ್ನು ಚುರುಮುರಿ ಡಬ್ಬಿಗೆ ಒರಗಿಸಬೇಕಾಗಿತ್ತು. ಚುರುಮುರಿ ಖಾಲಿಯಾದಾಗ ಡಬ್ಬಿ ಹಗುರಾಗಿ ಜಾರುತ್ತಿತ್ತು, ಜೊತೆಗೆ ಅಂತರ್ಜಾಲವೂ. ಇನ್ವರ್ಟರ್ ಇದ್ದ ಪ್ಲಗ್ಗು ದೇವರ ಕೋಣೆಯಲ್ಲಿ ಮಾತ್ರ. ಹೀಗಾಗಿ ಅದು ಗಣಪತಿಯ ಪಕ್ಕ ಕುಳಿತಿತು. (ನೋಡಿ, ಫ್ರಿಜ್ಜಿನ ಮೇಲಲ್ಲ.)

ಉದ್ಘಾಟನೆಗೆ ಪಕ್ಕದ ಮನೆಯ ಮರಾಠಿ ದಂಪತಿಯನ್ನೂ ಕರೆದಿದ್ದರು. ಕಾಕಾ ಗಂಭೀರವಾಗಿ ಗುಂಡಿ ಒತ್ತಿದರು. ಬಿಳಿಯ ಪುಟದಲ್ಲಿ ಒಂದೇ ಸಾಲು ಮೂಡಿತು: ಇದು ನಡೀತದ.

"ಏವಢಂಚ?" ಅಂದರು ಪಕ್ಕದ ಮನೆಯವರು. ಇಷ್ಟೇನಾ?

"ಇಷ್ಟ ಅಲ್ರಿ," ಅಂದರು ಕಾಕೂ, ಚಹಾ ಕೊಡುತ್ತ. "ಇದಕ್ಕಾಗಿ ನಮ್ಮನಿ ನಳ ಸೋರ್ಲಿಕ್ಕೆ ಹತ್ತಿ ಎಷ್ಟು ದಿನಾತು, ಅದನ್ನೂ ಹಿಡೀರಿ."

ಎರಡನೆಯ ಯಂತ್ರಕ್ಕೆ ಎರಡನೆಯ ಮನೆ ಬೇಕಿತ್ತು. ನನ್ನದು ಶಿವಾಜಿನಗರದ ಬಾಡಿಗೆ ಕೋಣೆ, ನಂಬುವಂತಿಲ್ಲ ಅಂದರು. "ಇದಕ್ಕ ಒಂದ ಕಡೆ ಕೂಡೋ ಮನಿಶ್ಯಾ ಬೇಕು. ಸಾಸವಡದಾಂವ ಗ್ವಾಡಿಗೆ ಹಾಕಿದ ಕ್ಯಾಲೆಂಡರ್ ಸೈತ ತಗ್ಯಾಂಗಿಲ್ಲ. ಅಲ್ಲಿ ಇಡು." ಕಾರಣ ಶುದ್ಧ ತಾಂತ್ರಿಕ, ಬೇರೇನಿಲ್ಲ, ಎಂದು ನಾನು ಕೇಳದೆಯೇ ಸೇರಿಸಿದರು.

ಹೊತ್ತುಕೊಂಡು ಹೋದವನು ನಾನು. ದೊಡ್ಡಪ್ಪ ಸೀರೆ ಮಡಿಸುತ್ತ ಪೆಟ್ಟಿಗೆಯನ್ನು ಓರೆಗಣ್ಣಿನಿಂದ ನೋಡಿದರು.

"ಅವ ಕಳಿಸ್ಯಾನೇನು?"

"ಹೌದು."

"ಇಡು," ಅಂದರು. ನಾನು ಪ್ಲಗ್ಗಿಗೆ ಹಾಕಿದೆ, ಪರದೆ ಹೊತ್ತಿತು. "ಈ ಹಸರ ಚುಕ್ಕಿ ಏನು?"

"ಕಾಕಾ ಇದ್ದಾರ ಅಂತ."

"ಇರ್ಲಾರ್ದ ಎಲ್ಲಿ ಹೋಗ್ತಾನ," ಅಂದರು. ಮುಂದಿನ ಸಲ ಹೋದಾಗ ಯಂತ್ರಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಚುಕ್ಕೆ ಕಾಣುವಷ್ಟು ಜಾಗ ಮಾತ್ರ ಬಿಟ್ಟಿತ್ತು.

ಇತ್ತ ಕಾಕಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಪರದೆ ನೋಡಿ, "ಸಾಸವಡ ಅದ," ಎಂದು ಘೋಷಿಸಿ ಅಂಗಡಿಗೆ ಹೋಗುತ್ತಿದ್ದರು. ಅಣ್ಣ ಇದ್ದಾನೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಯಂತ್ರಗಳು ಮಾತ್ರ ಹಗಲಿರುಳು ಹರಟುತ್ತಿದ್ದವು.

ಹೀಗೆ ಒಂದು ವರ್ಷದ ಮೇಲಾಯಿತು. ಖಂಡೇಪೂಜೆ ಬಂತು. ಮನೆಯ ಆಯುಧಗಳಿಗೆಲ್ಲ ಪೂಜೆ, ಆ ದಿನ ಅವಕ್ಕೆ ರಜೆ. ನಾನು ಕಾಕಾನ ಮನೆಗೆ ಊಟಕ್ಕೆ ಹೋಗಿದ್ದೆ. ಕಾಕೂ ಸ್ಪ್ಯಾನರಿಗೆ, ಈಳಿಗೆಗೆ, ಸ್ಕೂಟರಿಗೆ ಕುಂಕುಮ ಇಟ್ಟು, ಕೊನೆಗೆ ಸರ್ವರಿಗೂ ಇಟ್ಟು, ಚೆಂಡುಹೂ ಏರಿಸಿ, ಸ್ವಿಚ್ ಆರಿಸಿದರು.

"ಏ, ಅದನ್ನ ಆರಿಸಬಾರ್ದು," ಎಂದು ಕಾಕಾ ಓಡಿ ಬಂದರು.

"ನಿಮ್ಮ ಅಂಗಡಿ ಮಷೀನೂ ಕೂತಾವ. ಇದು ಯಾವ ಊರ ಸಾಹೇಬ್ರಿ? ನಾಳೆತನಕ ಮುಟ್ಟಬ್ಯಾಡ್ರಿ."

ಯಜಮಾನರಿಲ್ಲದ ಜಾಲ ಕಟ್ಟಿದ ಕಾಕಾ ತೆಪ್ಪಗೆ ಹೋಗಿ ಕುಳಿತರು.

ಹೋಳಿಗೆ ಬಡಿಸುವ ಹೊತ್ತಿಗೆ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಎರಡು ಬಸ್ಸು ಬದಲಿಸಿದ ಬೆವರು. ಹಣೆಯ ಮೇಲೆ ಅವರ ಮನೆಯ ಪೂಜೆಯ ಕುಂಕುಮ ಇಳಿದಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ಏನಾತೋ ನಿನಗ?"

"ನನಗೇನಾಗ್ತದ? ನೀ ಯಾಕ ಬಂದಿ?"

"ಚುಕ್ಕಿ ಕೆಂಪಾತಲ್ಲ," ಅಂದರು ದೊಡ್ಡಪ್ಪ, ಮತ್ತು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು.

ಕಾಕಾ ಎದ್ದು ನೀರು ತಂದರು. "ಚಪ್ಪಲಿ ಬಿಡೋ ಅಣ್ಣಾ," ಅಂದರು.

ಕಾಕೂ ತುಪ್ಪ ಕಾಯಿಸುತ್ತಿದ್ದರು, ತಿರುಗಿಯೂ ನೋಡಲಿಲ್ಲ. ನನ್ನ ನೆನಪಿನಲ್ಲಿ ದೊಡ್ಡಪ್ಪ ಬರುವ ಮೊದಲೇ, ನಾವು ಮೂವರಿದ್ದಾಗಲೇ, ನಾಲ್ಕು ತಟ್ಟೆಗಳಿವೆ. ಆದರೆ ನಾಲ್ಕನೆಯದನ್ನು ಆಮೇಲೆ ನಾನೇ ಇಟ್ಟಿರಬಹುದು. ಹಿಂದಿನ ವರ್ಷದ ಖಂಡೇಪೂಜೆಯಲ್ಲಿ ಕಾಕೂ ಸರ್ವರಿಗೆ ಹೂ ಏರಿಸಿ, ಆರಿಸದೆ ಬಿಟ್ಟಿದ್ದರು. ಇದು ಮಾತ್ರ ನನಗೆ ಖಚಿತ. ಈ ವರ್ಷ ಯಾಕೆ ಆರಿಸಿದಿರಿ ಎಂದು ಒಮ್ಮೆ ಕೇಳಿದೆ.

"ಅದಕ್ಕೂ ವಿಶ್ರಾಂತಿ ಬೇಕಲ್ಲೋ," ಅಂದರು.

ಇಷ್ಟಕ್ಕಾಗಿಯೋ, ಬೇರೆ ಯಾತಕ್ಕಾಗಿಯೋ, ನನಗೆ ಗೊತ್ತಿಲ್ಲ.