ಕಿರುಗಾವಲಿನ ಗದ್ಯಾಣವೂ ನನ್ನ ಬಾಯಿಯೂ

ಮನುಷ್ಯನಿಗೆ ಏನಾದರೂ ಗೊತ್ತಿದ್ದರೆ, ಅದು ನಾಲ್ಕು ಜನಕ್ಕೆ ಗೊತ್ತಾಗದಂತೆ ನೋಡಿಕೊಳ್ಳಬೇಕು. ಈ ಬುದ್ಧಿ ನನಗೆ ಬರುವಷ್ಟರಲ್ಲಿ ಕಾಲ ಮಿಂಚಿಹೋಗಿತ್ತು. ಮಂಡ್ಯದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುವ ನನಗೆ ಹಳೆಯ ನಾಣ್ಯಗಳ ಹುಚ್ಚು. ಕೂಡಿಡುವ ಹುಚ್ಚಲ್ಲ, ಅದು ನನ್ನ ಸಂಬಳಕ್ಕೆ ಒಗ್ಗುವುದಿಲ್ಲ. ಕಣ್ಣಿಗೊತ್ತಿಕೊಂಡು ನೋಡಿ, ತೂಗಿ, ಇದು ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂದು ಹೇಳುವ ಹುಚ್ಚು. ಈ ಸುದ್ದಿ ಮದ್ದೂರು, ಮಳವಳ್ಳಿಯವರೆಗೂ ಹಬ್ಬಿ, ಭಾನುವಾರ ಬಂತೆಂದರೆ ಗುತ್ತಲು ಬಡಾವಣೆಯ ನಮ್ಮ ಮನೆಯ ಜಗಲಿ ಹಲ್ಲಿನ ಡಾಕ್ಟರ ಶಾಪಿನ ಹಾಗೆ ತುಂಬಿರುತ್ತದೆ. ಬಂದವರ ಮುಖಗಳೂ ಹೆಚ್ಚುಕಡಿಮೆ ಹಾಗೇ ಇರುತ್ತವೆ.

ಬರುವವರೆಲ್ಲ ಹೊರಡುವ ಮೊದಲು ಮಾಡುವ ಕೆಲಸವೆಂದರೆ ನಾಣ್ಯವನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುವುದು. ಮೇಷ್ಟ್ರ ಮುಂದೆ ಕೊಳಕು ನಾಣ್ಯ ಇಡುವುದು ಮರ್ಯಾದೆಯಲ್ಲವಂತೆ! ಶತಮಾನಗಳು ಕೂತು ಕಟ್ಟಿದ ಹಸಿರು ಕಿಲುಬೇ ತಾಮ್ರದ ನಾಣ್ಯದ ಜಾತಕ. ಅದನ್ನು ತೊಳೆದು ಚರಂಡಿಗೆ ಬಿಟ್ಟು, "ಈಗ ಏಳಿ ಸಾ, ಯಾವ್ ಕಾಲುದ್ದು?" ಎನ್ನುತ್ತಾರೆ. ಮದ್ದೂರಿನ ಒಂದು ಮದುವೆಯಲ್ಲಿ ನಾನು ಪಾಯಸಕ್ಕೆ ಕೈಹಾಕಿದ್ದೆ. ಪಕ್ಕದ ಎಲೆಯವರು ಜೇಬಿನಿಂದ ರಾಮಪಟ್ಟಾಭಿಷೇಕದ ಬಿಲ್ಲೆಯೊಂದನ್ನು ತೆಗೆದು ನನ್ನ ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕದಲ್ಲಿ ಇಟ್ಟು, "ರಾಮ್‌ದೇವ್ರ ಕಾಲುದ್ದೇ ಅಲ್ವರಾ?" ಎಂದರು. ಅಂಚಿನ ಸುತ್ತ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಎದ್ದು ಕಾಣುತ್ತಿತ್ತು. ಅಂದರೆ ಮೊನ್ನೆ ಮೊನ್ನೆ ಎರಕ ಹೊಯ್ದ ಮಾಲು. ನಕಲಿ ಎಂದೆ. ಅವರು ಮೊಸರನ್ನಕ್ಕೂ ಕಾಯದೆ ಎಲೆ ಮಡಿಸಿ ಎದ್ದುಹೋದರು. ನನ್ನ ಹೆಂಡತಿಯ ಕಡೆಯ ಹತ್ತಿರದ ನೆಂಟರು ಅವರು ಎಂಬುದು ಆಮೇಲೆ ತಿಳಿಯಿತು.

ಹೀಗೆ ವರ್ಷಗಟ್ಟಲೆ ನಕಲಿ, ನಕಲಿ ಎಂದು ಹೇಳಿ ಬಾಯಿ ಕಹಿಯಾಗಿ, ಈ ಜನ್ಮದಲ್ಲಿ ಒಂದು ಒಳ್ಳೆಯ ನಾಣ್ಯ ನನ್ನ ಅಂಗೈ ಮೇಲೆ ಕೂರುವುದಿಲ್ಲ ಎಂದು ಆಸೆ ಬಿಟ್ಟಿದ್ದ ಹೊತ್ತಿನಲ್ಲಿ ಕಿರುಗಾವಲಿನ ಬೋರೇಗೌಡರು ಬಂದರು. ಪಂಚೆಯ ಗಂಟಿನಿಂದ ಪುಟ್ಟ ಚಿನ್ನದ ಬಿಲ್ಲೆ ತೆಗೆದರು. "ನಮ್ಮವ್ವುನ್ ಪೆಟ್ಗೇಲಿತ್ತು ಸಾ. ಇಷ್ಟ್ ದಿನ ಯಾರೂ ಕ್ಯಾರೆ ಅಂದಿರ್ನಿಲ್ಲ. ನಿಜವೋ ಸುಳ್ಳೋ ಏಳ್ಬುಡಿ, ಓಯ್ತೀನಿ."

ಭೂತಗನ್ನಡಿ ಹಿಡಿದೆ. ಒಂದು ಮೈಯಲ್ಲಿ ಸಿಂಹ. ಇನ್ನೊಂದರಲ್ಲಿ ಮೂರು ಸಾಲು ಹಳೆಯ ಕನ್ನಡ ಅಕ್ಷರ, ತಲಕಾಡನ್ನು ಗೆದ್ದವನು ಎಂಬ ಬಿರುದು. ಹೊಯ್ಸಳರ ಗದ್ಯಾಣ! ಎರಕದ ಗುಳಿಗಳಿಲ್ಲ, ಅಂಚಿನಲ್ಲಿ ಗೆರೆಯಿಲ್ಲ, ಅಕ್ಷರದ ತಿರುವು ಆ ಕಾಲದ್ದೇ, ತೂಕವೂ ಸರಿ. "ಅಸಲಿ ಗೌಡ್ರೇ, ಅಪ್ಪಟ ಅಸಲಿ!" ಎಂದು ನಾನು ಕೂಗಿದ ರಭಸಕ್ಕೆ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ತಿಕ್ಕಬೇಡಿ, ಕರಗಿಸಬೇಡಿ, ತೂತು ಕೊರೆಯಬೇಡಿ, ಸರಕ್ಕೆ ಪೋಣಿಸಲು ಕೊಂಡಿ ಬೆಸೆಯಿಸಬೇಡಿ ಎಂದು ಪಾಠ ಒಪ್ಪಿಸಿದೆ. ಮುಂದಿನ ಭಾನುವಾರ ತನ್ನಿ, ಮ್ಯೂಸಿಯಮ್ಮಿನವರನ್ನು ಕರೆಸುತ್ತೇನೆ ಎಂದೆ. ಆ ಸಂಭ್ರಮದಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದನ್ನೂ ಮರೆತೆ. ಗೌಡರು ಎಲ್ಲದಕ್ಕೂ "ಆಯ್ತು ಸಾ" ಎಂದು ತಲೆಯಾಡಿಸಿ ಬಸ್ಸು ಹತ್ತಿದರು.

ಮುಂದಿನ ಭಾನುವಾರ, ಮ್ಯೂಸಿಯಮ್ಮಿನವರು ಬರುವ ಮೊದಲೇ, ಗೌಡರು ತಮ್ಮ ಪುಟ್ಟಸ್ವಾಮಿಯನ್ನೂ ಕರೆದುಕೊಂಡು ಬಂದರು. ಗದ್ದೆಯ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರಿಗೆ ಮಾತೇ ನಿಂತುಹೋಗಿದೆ ಎಂದು ಕೇಳಿದ್ದೆ. ಈಗ ನೋಡಿದರೆ ನಗುನಗುತ್ತಾ ಒಂದೇ ಬೆಂಚಿನಲ್ಲಿ ಕೂತರು. ಅಣ್ಣ ಒಂದು ಪೊಟ್ಟಣ, ತಮ್ಮ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಂದೊಂದರಲ್ಲೂ ಅರ್ಧರ್ಧ ಗದ್ಯಾಣ.

"ಭಾಗ ಆಯ್ತು ಸಾ," ಎಂದರು ಬೋರೇಗೌಡರು. "ಊರೋರ್ ಮುಂದೆ ಕುಂತು ಎಲ್ಲಾನೂ ಸಮಸಮ ಮಾಡ್ಕಂಡೋ. ಇದೊಂದು ಉಳ್ಕತ್ತು. ಆಚಾರಿ ಉಳಿ ಮಡ್ಗಿ ಒಂದೇ ಏಟ್ಗೆ ಎರಡ್ ಮಾಡ್ಬುಟ್ಟ. ಚೂರೂ ಎಚ್ಚುಕಮ್ಮಿ ಇಲ್ಲ."

ಸಿಂಹದ ತಲೆ ಅಣ್ಣನ ಪಾಲಿಗೆ, ಬಾಲ ತಮ್ಮನ ಪಾಲಿಗೆ. ಎಷ್ಟೋ ಶತಮಾನ ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿದ್ದ ನಾಣ್ಯ, ನನ್ನ ಕಣ್ಣಿಗೆ ಬಿದ್ದ ಮೇಲೆ ಒಂದು ವಾರ ಬಾಳಲಿಲ್ಲ. ನನಗೆ ನಿಜವಾಗಿಯೂ ಅಳು ಬಂತು. "ಕತ್ತರಿಸ್ತಾರೇನ್ರೀ ಇದನ್ನ?" ಎಂದೆ.

"ತಿಕ್‌ಬ್ಯಾಡಿ ಅಂದ್ರಿ, ತಿಕ್ಕಿಲ್ಲ. ಕರಗುಸ್‌ಬ್ಯಾಡಿ ಅಂದ್ರಿ, ಕರಗುಸಿಲ್ಲ. ಕತ್ತರುಸ್‌ಬ್ಯಾಡಿ ಅಂತ ನೀವು ಏಳ್ನೇ ಇಲ್ವಲ್ಲ ಸಾ," ಎಂದರು ಗೌಡರು ಕನಿಕರದಿಂದ. ಪುಟ್ಟಸ್ವಾಮಿ ಮೆಲ್ಲಗೆ ಸೇರಿಸಿದ: "ನೀವು ಸುಳ್ಳು ಅಂದಿದ್ರೆ ಅಣ್ಣನೇ ಮಡಿಕಳ್ಳಲಿ ಅಂತ ಬುಟ್ಬುಡ್ತಿದ್ದೆ. ನಿಜ ಅಂದ್ಮೇಲೆ ಎಂಗ್ ಸಾ ಬುಡಕ್ಕಾದದು?"

ಕಾಫಿ ಕುಡಿದು, ತಮ್ಮ ತಮ್ಮ ಪಾಲನ್ನು ಇನ್ನೊಂದು ಸಲ ನೋಡಿಬಿಡಿ ಎಂದರು. ವಿಧಿಯಿಲ್ಲದೆ ಭೂತಗನ್ನಡಿ ಎತ್ತಿದೆ. ನನ್ನಂಥವರಿಗೆ ಇರುವ ಕೊರಗು ಒಂದೇ, ನಾಣ್ಯದ ಒಳಗೇನಿದೆ ಎಂಬುದು ಕಾಣುವುದಿಲ್ಲ. ಒಳಗೆ ತಾಮ್ರವಿಟ್ಟು ಮೇಲೆ ಚಿನ್ನ ಹೊದಿಸುವ ಮೋಸ ಹಳೆಯ ಕಾಲದಿಂದಲೂ ಇದೆ. ಕತ್ತರಿಸದೆ ಪೂರ್ತಿ ಖಾತ್ರಿಯಾಗದು, ಕತ್ತರಿಸುವ ಧೈರ್ಯ ಯಾರಿಗೂ ಬಾರದು. ಕಡಿದ ಮೈಯನ್ನು ಬೆಳಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಗೆ ಒಂದೇ ಹಳದಿ. ಅಂಥ ಸಂಕಟದಲ್ಲೂ ಈ ಹಾಳು ಮನಸ್ಸಿಗೆ ಮೊದಲು ಬಂದ ಮಾತು ‘ನಾನು ಹೇಳಿದ್ದು ಸರಿಯಾಗಿತ್ತು!’ ಎಂಬುದೇ.

ಅದು ನನ್ನ ಮುಖದ ಮೇಲೂ ಕಂಡಿರಬೇಕು. ಗೌಡರು ತಮ್ಮನ ತೊಡೆ ತಟ್ಟಿ, "ನೋಡ್ಲಾ, ಮೇಸ್ಟ್ರು ನಗ್ತಾವ್ರೆ. ನಾವ್ ಮಾಡಿದ್ದು ಸರ್ಯಾಗೇ ಅದೆ ಕಣ್ಲಾ" ಎಂದರು.