ಆರನೇ ನಂಬರ್ ಕೋಣೆ ಖಾಲಿ ಇಲ್ಲ

ಮಿಠಾಯಿ ಅಂಗಡಿಯವನಿಗೆ ಮಿಠಾಯಿಯ ಮೇಲೆ ಆಸೆ ಇರುವುದಿಲ್ಲವಂತೆ. ದಿನವೆಲ್ಲ ತುಪ್ಪದ ವಾಸನೆ ಕುಡಿದವನು ಮನೆಗೆ ಹೋಗಿ ಉಪ್ಪಿಟ್ಟು ಕೇಳುತ್ತಾನೆ ಎನ್ನುತ್ತಾರೆ. ಇದು ಎಲ್ಲ ಕಸುಬಿಗೂ ಸಲ್ಲುವ ಮಾತೆಂದು ನಾನೂ ಬಹಳ ಕಾಲ ನಂಬಿದ್ದೆ. ಇಲ್ಲಿ ಗಲ್ಫಿನಲ್ಲಿ, ಸೊಹಾರ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಆಫೀಸು ಕೆಲಸ ಮಾಡಿದೆ. ಒಂದು ದಿನವೂ ಒಂದು ಕಂಬಿಯನ್ನು ಮನೆಗೆ ಒಯ್ಯಬೇಕೆಂದು ಅನ್ನಿಸಲಿಲ್ಲ. ಆದರೆ ಐವತ್ತೇಳನೆಯ ವಯಸ್ಸಿನಲ್ಲಿ ನನ್ನ ಪಾಲಿಗೆ ಬಂದದ್ದು ಬಂದವರಿಗೆ ಕೋಣೆ ತೋರಿಸುವ ಕೆಲಸ. ಅಲ್ಲಿ ಕೆಟ್ಟೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ: ನನಗೆ ಸಂಬಳ ಕೊಡುವ ಸಂಸ್ಥೆಯ ಅತ್ಯುತ್ತಮ ಕೋಣೆಯನ್ನು ಏಳು ತಿಂಗಳು ನಾನು ಯಾರಿಗೂ ಸಿಗದಂತೆ ನೋಡಿಕೊಂಡೆ.

ನಮ್ಮದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ಈ ಮಾತನ್ನು ಇಲ್ಲಿ ಬರೆಯಬಹುದು, ಆಫೀಸಿನಲ್ಲಿ ಆಡುವಂತಿಲ್ಲ. ತಂದೆತಾಯಿಯನ್ನು ಬೇರೆಯವರ ಕೈಗೆ ಒಪ್ಪಿಸುವುದು ಈ ದೇಶದಲ್ಲಿ ನಮ್ಮೂರಿಗಿಂತಲೂ ನಾಚಿಕೆಯ ವಿಷಯ. ಆದ್ದರಿಂದ ನಮ್ಮಲ್ಲಿರುವವರೆಲ್ಲ ‘ಅತಿಥಿಗಳು’. ಕರೆತಂದ ಮಕ್ಕಳು ನನ್ನ ಮೇಜಿನ ಮುಂದೆ ಕುಳಿತು, ಗೋಡೆ ನೋಡುತ್ತ, “ಮೊಣಕಾಲು ಸರಿಹೋಗುವ ತನಕ ಇರಲಿ” ಎನ್ನುತ್ತಾರೆ. ನಾನೂ ಫಾರಂನಲ್ಲಿ ಮೊಣಕಾಲು ಎಂದೇ ಬರೆಯುತ್ತೇನೆ. ಮೊಣಕಾಲು ಸರಿಹೋಗಿ ಎರಡು ವರ್ಷವಾದ ಅತಿಥಿಗಳು ನಮ್ಮ ತೋಟದಲ್ಲಿ ಬೆಳಿಗ್ಗೆ ಸರಸರನೆ ನಡೆದಾಡುತ್ತಿರುತ್ತಾರೆ. ಯಾರೂ ಅದರ ಬಗ್ಗೆ ಮಾತನಾಡುವುದಿಲ್ಲ.

ಮನೆಯಂತೂ ಮನೆಯೇ. ಸೀಬ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಕಾರಿನಲ್ಲಿ ಒಂದು ಗಂಟೆ ಒಳನಾಡಿಗೆ ಹೋದರೆ ಖರ್ಜೂರದ ತೋಟ, ಅದರ ನಡುವೆ ನಮ್ಮ ಮಾಲೀಕ ಸುಲೈಮಾನ್ ಅವರ ಮುತ್ತಾತನ ಮನೆ. ಮಣ್ಣು ಕಲ್ಲಿನ ಗೋಡೆ ಒಂದು ಮೊಳಕ್ಕಿಂತ ದಪ್ಪ, ಮಾಡಿಗೆ ಖರ್ಜೂರದ ದಿಮ್ಮಿ, ಬಾಗಿಲ ತುಂಬ ಕೆತ್ತನೆ. ಇಷ್ಟರ ಒಳಗೆ ರಿಮೋಟ್ ಒತ್ತಿದರೆ ತಲೆ ಎತ್ತುವ ಮಂಚ, ಲೆಬನಾನಿನ ಅಡುಗೆಯವರು, ಬೆಲ್ ಒತ್ತಿದ ಕೂಡಲೇ ಬರುವ ನರ್ಸುಗಳು. ಬೆಟ್ಟದ ಬುಡದಿಂದ ತೋಟಕ್ಕೆ ನೀರು ತರುವ ಹಳೆಯ ಕಾಲುವೆಯನ್ನು ಇಲ್ಲಿ ಫಲಜ್ ಎನ್ನುತ್ತಾರೆ. ಆ ಫಲಜ್ ಆರನೇ ನಂಬರ್ ಕೋಣೆಯ ಕಿಟಕಿಯ ಕೆಳಗೇ ಹರಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲೂ ಆ ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತದೆ.

ಒಂದು ದಿನ ಊಟವಾದ ಮೇಲೆ ಆ ಕೋಣೆಯ ಏಸಿ ಸರಿಯಿದೆಯೇ ಎಂದು ನೋಡಲು ಹೋದೆ. ಏಸಿ ಸರಿಯಿತ್ತು. ಮಂಚದ ರಿಮೋಟ್ ಸರಿಯಿದೆಯೇ ಎಂದು ನೋಡಬೇಕಲ್ಲ, ಮಲಗಿ ನೋಡಿದೆ. ಅದೂ ಸರಿಯಿತ್ತು. ಎಚ್ಚರವಾದಾಗ ಮೂರೂವರೆ. ಇದು ನಮ್ಮ ವಂಶದ ಕಾಯಿಲೆ. ಮೈಸೂರಿನಲ್ಲಿ ನಮ್ಮ ತಂದೆ ಕಚೇರಿಯಿಂದ ಊಟಕ್ಕೆ ಮನೆಗೆ ಬಂದು, ಮುಖದ ಮೇಲೆ ಪತ್ರಿಕೆ ಹಾಕಿಕೊಂಡು ಅರ್ಧ ಗಂಟೆ ಮಲಗುತ್ತಿದ್ದರು. “ನಿದ್ದೆ ಮಾಡ್ತಿದ್ದೀರಾ?” ಎಂದು ಅಮ್ಮ ಕೇಳಿದರೆ ಪತ್ರಿಕೆಯೊಳಗಿನಿಂದ, “ಇಲ್ಲ, ಯೋಚನೆ ಮಾಡ್ತಿದ್ದೀನಿ” ಎನ್ನುತ್ತಿದ್ದರು. ನಾನೂ ದಿನವೂ ಎರಡು ಗಂಟೆಗೆ ಆರನೇ ಕೋಣೆಯಲ್ಲಿ ಯೋಚನೆ ಮಾಡತೊಡಗಿದೆ. ನಮ್ಮ ಹೆಡ್ ನರ್ಸ್ ಸಿಸ್ಟರ್ ಲೀನಾ ಉಡುಪಿಯ ಕಡೆಯವರು, ಅವರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿಲ್ಲ. “ಎಂತ ಮಾರಾಯ್ರೆ, ಆ ಕೋಣೆಯಲ್ಲಿ ಜನವೇ ಇಲ್ಲ, ದಿಂಬಿನ ಚೀಲ ಮಾತ್ರ ದಿನಾ ಎಣ್ಣೆ ಎಣ್ಣೆ ಆಗ್ತದೆ!” ಎಂದರು. ನಾನು ಹವಾಮಾನದ ಮೇಲೆ ಹಾಕಿದೆ.

ಕೋಣೆಯ ಮೇಲೆ ಮೋಹ ಬೆಳೆದಂತೆ ನನ್ನ ನಾಲಿಗೆಯೂ ಬೆಳೆಯಿತು. ನೋಡಲು ಬಂದವರಿಗೆ ಉಳಿದ ಕೋಣೆಗಳನ್ನು ಹೊಗಳಿ, ಆರನೆಯದರ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದೆ. “ನೀರಿನ ಸದ್ದು, ನಿಲ್ಲುವುದೇ ಇಲ್ಲ. ಗೋಡೆ ದಪ್ಪ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕಿಟಕಿಯಲ್ಲಿ ಹಕ್ಕಿಗಳ ಗಲಾಟೆ.” ಒಂದೂ ಸುಳ್ಳಲ್ಲ ಎಂಬುದು ನನ್ನ ಸಮಾಧಾನವಾಗಿತ್ತು. ಮನೆಯಲ್ಲಿ ಈ ಸಂಗತಿ ಬಾಯಿಬಿಟ್ಟಾಗ ಹೆಂಡತಿ ಸುಮಿತ್ರ, “ಅಲ್ರೀ, ಇಲ್ಲಿ ಮಲಗಿದ್ರೆ ಎಬ್ಬಿಸಿ ಹಾಲು ತನ್ನಿ ಅಂತೀನಿ, ಅದಕ್ಕೆ ತಾನೇ?” ಎಂದಳು. ರಿಟೈರ್ ಆದ ಮೇಲೆ ಇಬ್ಬರೂ ಅಲ್ಲೇ ಇದ್ದುಬಿಡೋಣ ಎಂದರೆ, “ಕೆಲಸ ಮುಗಿದ ದಿನ ವೀಸಾನೂ ಖಲಾಸ್. ಸುಮ್ನೆ ಊಟ ಮಾಡಿ” ಎಂದಳು. ಮಗಳು ಮೊಬೈಲಿನಿಂದ ತಲೆಯೆತ್ತದೆ, “ಅಪ್ಪಾ, ಟೆಕ್ನಿಕಲಿ ಯು ಆರ್ ಎ ಸ್ಕ್ವಾಟರ್” ಎಂದಳು. ಬೇರೆಯವರ ಜಾಗದಲ್ಲಿ ಬೀಡುಬಿಟ್ಟವನು ಎಂದರ್ಥ. ಕನ್ನಡದಲ್ಲಿ ಹೇಳಿದ್ದರೆ ಇನ್ನೂ ಸ್ವಲ್ಪ ನಾಟುತ್ತಿತ್ತು.

ಕೊನೆಗೆ ಮಾಲೀಕರು ಕರೆಸಿದರು. ಸುಲೈಮಾನ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬಹಳ ಮೃದು ಮಾತು. “ಮಿಸ್ಟರ್ ಶ್ರೀಕಾಂತ್, ಆ ಕೋಣೆಯಲ್ಲಿ ನನ್ನ ಅಜ್ಜಿ ಇದ್ದದ್ದು. ಮನೆಯಲ್ಲೇ ಒಳ್ಳೆಯ ಕೋಣೆ. ಅದೊಂದೇ ಯಾಕೆ ತುಂಬುತ್ತಿಲ್ಲ?” ಎಂದರು. ನಾನು ನೀರಿನ ಸದ್ದು ಎಂದೆ. ಅವರು, “ಹಾಗಾದರೆ ಗುರುವಾರದವರೆಗೆ ನೋಡೋಣ. ಯಾರೂ ಬಾರದಿದ್ದರೆ ವ್ಯಾಯಾಮದ ಯಂತ್ರಗಳನ್ನು ಅಲ್ಲಿಗೆ ಹಾಕಿಸಿ” ಎಂದರು. ತುಂಬಿದರೂ ಕೋಣೆ ಹೋಯಿತು, ತುಂಬದಿದ್ದರೂ ಹೋಯಿತು. ಅಂದು ಮಧ್ಯಾಹ್ನ ಮಲಗಿದರೂ ಕಣ್ಣು ಮುಚ್ಚಲಿಲ್ಲ. ತಲೆಯ ಕಡೆ ಟ್ರೆಡ್‌ಮಿಲ್ಲು, ಕಾಲ ಕಡೆ ಸೈಕಲ್ಲು ಬಂದು ನಿಂತಂತೆ ಕಾಣುತ್ತಿತ್ತು.

ಬುಧವಾರ ಒಬ್ಬ ಮಧ್ಯವಯಸ್ಕರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಎಲ್ಲೋ ನೋಡಿದ ಮುಖ ಎನಿಸಿತು. ತಾಯಿ ಶಮ್ಸಾ, ಎಲ್ಲರೂ ಬೀಬಿ ಎಂದು ಕರೆಯುತ್ತಾರೆಂದು ಮಗ ಹೇಳಿದರು. ಎಂಬತ್ತು ದಾಟಿದ ಸಣ್ಣ ಜೀವ, ಕೈಯಲ್ಲಿ ಕೋಲು, ಒಂದು ಕಾಲದಲ್ಲಿ ಮತ್ರಾಹ್ ಪೇಟೆಯ ಗುಜರಾತಿ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಕಲಿತ ಗಟ್ಟಿ ಹಿಂದಿ. ನಾನು ಅಭ್ಯಾಸಬಲದಿಂದ ಮೂರನೇ ಕೋಣೆಯ ಕಡೆಗೆ ಕೈ ತೋರಿಸಿದೆ. ಬೀಬಿ ಕೋಲೂರುತ್ತ ನೇರವಾಗಿ ಆರನೆಯದಕ್ಕೆ ನಡೆದರು.

“ಇದರಲ್ಲಿ ನೀರಿನ ಸದ್ದು ಬಹಳ” ಎಂದೆ.

“ಅದಕ್ಕೇ ಬಂದೆ” ಎಂದರು ಬೀಬಿ. “ನಮ್ಮಪ್ಪನ ಮನೆಯಲ್ಲಿ ನನ್ನ ಮಂಚದ ಕೆಳಗೇ ಫಲಜ್ ಹರಿಯುತ್ತಿತ್ತು. ಮಗನ ಫ್ಲ್ಯಾಟಿನಲ್ಲಿ ಬರೀ ಮೋಟಾರು, ಲಿಫ್ಟು. ನಿದ್ದೆ ಎಂಬುದೇ ಇಲ್ಲ.”

“ಫೋನಿಗೆ ಸಿಗ್ನಲ್...”

“ಸಿಗದಿದ್ದರೆ ಒಳ್ಳೆಯದು. ಸೊಸೆಯಂದಿರು ಐದು ಜನ.”

ಹಕ್ಕಿಗಳ ಸುದ್ದಿ ತೆಗೆಯುವ ಧೈರ್ಯ ನನಗಾಗಲಿಲ್ಲ. ಆಗ ಮಗ ಹೇಳಿದರು: “ಎರಡು ತಿಂಗಳ ಹಿಂದೆ ನಾನೇ ಬಂದಿದ್ದೆ. ಈ ಕೋಣೆ ಬೇಡ, ನೀರಿನ ಸದ್ದು ನಿಲ್ಲುವುದೇ ಇಲ್ಲ ಎಂದು ನೀವೇ ಹೇಳಿದಿರಿ. ಮೊನ್ನೆ ಮಾತಿಗೆ ಈ ನೀರಿನ ಕತೆ ತೆಗೆದರೆ ಅಮ್ಮ ಕೂತಲ್ಲಿಂದ ಎದ್ದೇಬಿಟ್ಟರು.” ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಅದೇ ನನ್ನನ್ನು ಚುಚ್ಚಿತು. ನಾನು ಗೊರಕೆ ಹೊಡೆದ ಒಂದೊಂದು ಮಧ್ಯಾಹ್ನಕ್ಕೂ ಈ ಮುದುಕಿ ಒಂದೊಂದು ರಾತ್ರಿ ಎದ್ದು ಕೂತಿದ್ದರು. ನಿಜವಾಗಿ ನಾಚಿಕೆಯಾಯಿತು.

ಬೀಬಿ ಅಷ್ಟರಲ್ಲಿ ಮಂಚದ ಮೇಲೆ ಕುಳಿತು ದಿಂಬು ಎತ್ತಿ ಮೂಸಿದರು. ಅದರ ಕೆಳಗೆ ನಾನು ಹಿಂದಿನ ದಿನದಿಂದ ಹುಡುಕುತ್ತಿದ್ದ ಓದುವ ಕನ್ನಡಕ ಸಿಕ್ಕಿತು. “ಕೊಬ್ಬರಿ ಎಣ್ಣೆ” ಎಂದು ನನ್ನ ತಲೆ ನೋಡಿದರು. ಕನ್ನಡಕ ನೋಡಿದರು. ಮೂಗಿನ ಎರಡು ಪಕ್ಕದಲ್ಲಿದ್ದ ಕನ್ನಡಕದ ಗುರುತನ್ನೂ ನೋಡಿದರು. ಸಿಸ್ಟರ್ ಲೀನಾ ಕಿಟಕಿಯ ಪರದೆ ಸರಿಮಾಡುವ ನೆವದಲ್ಲಿ ಬೆನ್ನು ತಿರುಗಿಸಿ ನಗುತ್ತಿದ್ದರು. ಸಂಜೆಯೊಳಗೆ ಇದು ಸುಲೈಮಾನ್ ಕಿವಿಗೆ ಬೀಳುತ್ತದೆ, ಕೋಣೆಯ ಜೊತೆಗೆ ಕೆಲಸವೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಬೀಬಿ ಕನ್ನಡಕವನ್ನು ತಲೆವಸ್ತ್ರದ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, “ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆಯೋ?” ಎಂದು ಮೆಲ್ಲಗೆ ಕೇಳಿದರು. “ಬಹಳ ಚೆನ್ನಾಗಿ” ಎಂದೆ. ಏಳು ತಿಂಗಳಲ್ಲಿ ಆ ಕೋಣೆಯ ಬಗ್ಗೆ ನಾನು ಆಡಿದ ಮೊದಲ ಒಳ್ಳೆಯ ಮಾತು ಅದು. ಫಾರಂ ತೆಗೆದು ಮೊಣಕಾಲು ಎಂದು ಬರೆದೆ.

ಬೀಬಿ ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಎರಡು ಗಂಟೆಗೆ, ಕಾಲು ತಾನಾಗಿ ಆ ಕಡೆ ಎಳೆದದ್ದರಿಂದ, ಆರನೇ ಕೋಣೆಯ ಜಗಲಿಯ ತನಕ ಹೋಗಿ ನಿಂತೆ. ಜಗಲಿಯ ಮೇಲೆ ಬೀಬಿ ಕಹ್ವಾ ಎಂಬ ಇಲ್ಲಿನ ಕಾಫಿಯ ಹೂಜಿ ಇಟ್ಟುಕೊಂಡು ಕುಳಿತಿದ್ದರು, ಎದುರಿಗೆ ಒಂದು ಒರಗು ಕುರ್ಚಿ ಹಾಕಿಸಿದ್ದರು. ಇಲ್ಲಿನ ಕಹ್ವಾ ಪದ್ಧತಿ ನಿಮಗೆ ಗೊತ್ತಿರಲಿ: ಪುಟ್ಟ ಬಟ್ಟಲು ಖಾಲಿಯಾದಂತೆಲ್ಲ ಹಾಕುತ್ತಲೇ ಇರುತ್ತಾರೆ, ಸಾಕು ಎನ್ನಬೇಕಾದರೆ ಬಟ್ಟಲನ್ನು ಅಲುಗಾಡಿಸಿ ಕೊಡಬೇಕು. ಅಲುಗಾಡಿಸುವವರೆಗೆ ಅತಿಥಿಯನ್ನು ಏಳಿಸುವಂತಿಲ್ಲ. ನಾನು ಅಲುಗಾಡಿಸಲಿಲ್ಲ. ಕೆಳಗೆ ನೀರು ಹರಿಯುತ್ತಿತ್ತು, ಏಲಕ್ಕಿಯ ವಾಸನೆ ಬರುತ್ತಿತ್ತು, ಬಟ್ಟಲು ಕೈಯಲ್ಲೇ ಇತ್ತು. ಅಂದಿನಿಂದ ಇದೇ ನಡೆದಿದೆ.

ಕಳೆದ ವಾರ ಹೀಗೇ ಯೋಚನೆ ಮಾಡುತ್ತಿರುವಾಗ ಯಾರೋ ಮಾತನಾಡಿದ್ದು ಕೇಳಿಸಿತು. ಕೋಣೆ ನೋಡಲು ಬಂದವರನ್ನು, ತೋರಿಸಬೇಕಾದವನು ಪತ್ತೆಯಿಲ್ಲದ ಕಾರಣ, ಸಿಸ್ಟರ್ ಲೀನಾ ಕರೆತಂದಿದ್ದರು. ಗಂಡಸೊಬ್ಬರು ಪಿಸುದನಿಯಲ್ಲಿ, “ಇವರು ಯಾರು?” ಎಂದರು. “ನಮ್ಮ ಹಳೆಯ ಅತಿಥಿ” ಎಂದರು ಬೀಬಿ. “ಮೊಣಕಾಲು ಸರಿಹೋಗುವ ತನಕ ಇರುತ್ತಾರೆ.” ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಎದ್ದು ನಿಂತು ವಿಸಿಟಿಂಗ್ ಕಾರ್ಡ್ ಕೊಡಬೇಕಾಗುತ್ತಿತ್ತು. ಆಮೇಲೆ ಲೀನಾ ಹೇಳಿದರು: “ನಿಮ್ಮ ಮುಖ ನೋಡಿಯೇ ಅವರು ಒಪ್ಪಿದ್ದು ಸರ್. ‘ಆ ಮುದುಕರು ಎಷ್ಟು ನೆಮ್ಮದಿಯಲ್ಲಿದ್ದಾರೆ, ಅಪ್ಪನನ್ನೂ ಇಲ್ಲೇ ಬಿಡುವ’ ಅಂದ್ರು.” ಈ ಕೆಲಸಕ್ಕೆ ಸೇರಿದ ಮೇಲೆ ಬಾಯಿ ಬಿಡದೆ ನಾನು ತುಂಬಿಸಿದ ಮೊದಲ ಕೋಣೆ ಅದು. ಮುದುಕ ಎಂದದ್ದಕ್ಕೆ ಸ್ವಲ್ಪ ಸಿಟ್ಟು ಬಂತು, ಲೀನಾಗೆ ಎರಡು ಮಾತು ಹೇಳೋಣ ಎಂದು ಕುರ್ಚಿಯಿಂದ ಏಳಹೋದೆ. ಏಳಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು.