ಮಾವನ ಸತುವಿನ ಗಟ್ಟಿಗೆ ಅತ್ತೆಯ ಎರಡು ಕೈ ಬಣ್ಣ

ಹಡಗಿನ ವಿಷಯದಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ಇಡೀ ಬೆಟಗೇರಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಅವನು ಒಂದು ದಿನವೂ ಹಡಗು ಹತ್ತಿ ಎಲ್ಲಿಗೂ ಹೋದವನಲ್ಲ! ವಯಸ್ಸೆಲ್ಲ ಗೋವಾದ ಹಡಗು ರಿಪೇರಿ ಕಾರ್ಖಾನೆಯೊಂದರಲ್ಲಿ ಕಳೆಯಿತು. ಅಲ್ಲಿ ಅವನ ಪಾಲಿಗೆ ಬಂದದ್ದು ಸಮುದ್ರದ ಗಾಳಿಯಲ್ಲ, ಹಡಗಿನ ಕತ್ತಲೆ ಹೊಟ್ಟೆ. ಸರಕಿಲ್ಲದ ಹಡಗು ಹಗುರಾಗಿ ಹೊಯ್ದಾಡಬಾರದೆಂದು ಅದರ ಹೊಟ್ಟೆಯ ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬುತ್ತಾರೆ. ಉಪ್ಪುನೀರು ಕಬ್ಬಿಣವನ್ನು ತಿನ್ನದೆ ಬಿಟ್ಟೀತೇ? ಅದಕ್ಕೇ ಒಳಗೋಡೆಗೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ನೀರು ಸತುವನ್ನು ತಿನ್ನುತ್ತ ಕೂರುತ್ತದೆ, ಕಬ್ಬಿಣ ಬದುಕಿಕೊಳ್ಳುತ್ತದೆ. ಆ ಗಟ್ಟಿಗಳನ್ನು ಬಿಗಿಯುವುದೇ ಮಾವನ ಕೆಲಸ.

"ಸತು ಅಂತ ಸುಮ್ನ ಹೆಸರಿಟ್ಟಿಲ್ಲಲೇ," ಎನ್ನುತ್ತಿದ್ದ. "ಕಬ್ಬಿಣದ ಸಾವು ಇದು ಸಾಯತೈತಿ. ಸಾಯಾಕಂತನ ಹುಟ್ಟಿದ್ದು!"

ನಿವೃತ್ತಿಯಾಗಿ ಊರಿಗೆ ಬರುವಾಗ ಮಂದಿ ಗೋವಾದಿಂದ ಗೋಡಂಬಿ ತರುತ್ತಾರೆ. ಇವನು ಗೋಣಿಚೀಲದ ತುಂಬ ಸತುವಿನ ಗಟ್ಟಿ ತಂದ. ಶಿರಹಟ್ಟಿಯ ನೆಂಟರ ಮದುವೆಯಲ್ಲಿ ಎಲ್ಲರೂ ಹಿತ್ತಾಳೆ ಕೊಡ, ಮಿಕ್ಸರ್ ಕೊಟ್ಟರೆ, ಇವನು ಒಂದು ಗಟ್ಟಿಗೆ ರಿಬ್ಬನ್ನು ಕಟ್ಟಿ ಕೊಟ್ಟ. ಅದರ ಹೊಳಪು, ತೂಕ ನೋಡಿ ಬೀಗರು ಬೆಳ್ಳಿಯೆಂದೇ ತಿಳಿದರು. ಮಾವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆಯ ಮೇಲೆ ಹೋಳಿಗೆ, ತುಪ್ಪದ ಮೇಲೆ ತುಪ್ಪ! ಮರುದಿನ ಅಕ್ಕಸಾಲಿಗನ ಅಂಗಡಿಗೆ ಹೋಗಿ ಬಂದವರು ಇವತ್ತಿಗೂ ಮಾತಾಡಿಸಿಲ್ಲ. ಮಾವನದು ಒಂದೇ ಪ್ರಶ್ನೆ: "ಬೆಳ್ಳಿ ಯಾರನ್ನ ಉಳಿಸೈತಿ?"

ಹೊಂಬಳದ ಗೆಳೆಯನೊಬ್ಬ ಆಸೆಯಿಂದ ಬಂದ. "ನನ್ನ ಸೈಕಲ್ ತುಕ್ಕು ಹಿಡಿಯಾಕತ್ತೈತಪಾ. ಅದಕ್ಕೂ ಒಂದ್ ಗಟ್ಟಿ ಹಾಕಿಕೊಡು."

"ಹಾಕ್ತೀನಿ. ಆದ್ರ ಇದು ನೀರಾಗ ಇದ್ದಾಗಷ್ಟ ದುಡೀತೈತಿ. ನೀ ಸೈಕಲ್ ಬಾವ್ಯಾಗ ಹೊಡೀತೀ ಏನು?"

ಈ ನಗೆಯೆಲ್ಲ ಒಂದು ಕಡೆ. ಮಾವನ ನಿಜವಾದ ಯುದ್ಧ ಇದ್ದದ್ದು ಮಾಳಿಗೆಯ ಮೇಲಿನ ಕಬ್ಬಿಣದ ಟ್ಯಾಂಕಿಗಾಗಿ. ಮದುವೆಯಾದ ಹೊಸದರಲ್ಲಿ ಅತ್ತೆ ಬೀದಿ ನಲ್ಲಿಯಿಂದ ಕೊಡ ಹೊರುವುದನ್ನು ನೋಡಲಾರದೆ ಅವನು ಮಾಡಿಸಿದ ಟ್ಯಾಂಕು ಅದು. ಅತ್ತೆಯದು ನೇಕಾರರ ನೂಲಿಗೆ ಬಣ್ಣ ಹಾಕಿಕೊಡುವ ಕಸುಬು. ಅವಳು ಹಾಕಿದ ಹಳದಿಗೆ ಊರಲ್ಲೆಲ್ಲ ಹೆಸರು. ಆದರೆ ಟ್ಯಾಂಕಿಗೆ ವಯಸ್ಸಾಗಿ, ಬೋರಿನ ಸವಳು ನೀರು ಕೆಂಪಗೆ ಇಳಿಯತೊಡಗಿ, ಹಳದಿ ಮಂಕಾಯಿತು. ಖಾಯಂ ಕೆಲಸ ಕೊಡುತ್ತಿದ್ದ ನೇಕಾರ ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದು ಕೇಳಿಯೇಬಿಟ್ಟ: "ಅಕ್ಕಾರ, ಇದು ಹಳದಿ ಏನ್ರಿ, ಬೆಲ್ಲದ ಬಣ್ಣಾನ್ರಿ? ಹಿಂಗಾದ್ರ ನಾ ಬ್ಯಾರೆ ಕಡೆ ನೋಡಬೇಕಾಗತೈತಿ."

ಅತ್ತೆ ಅಂದೇ ತೀರ್ಪು ಕೊಟ್ಟಳು. "ಎಳ್ಳ ಅಮಾಸಿ ತನಕ ನೋಡ್ತೀನ್ರಿ. ನೀರು ತಿಳಿ ಆಗಲಿಲ್ಲಂದ್ರ ಟ್ಯಾಂಕಿ ಗುಜರಿಗೆ. ಪ್ಲಾಸ್ಟಿಕ್ಕಿಂದು ತರಸ್ತೀನಿ."

"ಪ್ಲಾಸ್ಟಿಕ್ಕಾ! ಹಡಗ ಉಳಿಸಿದಾವ ನಾ. ಒಂದ್ ಟ್ಯಾಂಕಿ ಉಳಸಾಕ ಆಗೂದಿಲ್ಲೇನು?"

ಮರುದಿನವೇ ತಲೆಗೆ ಟವೆಲು ಸುತ್ತಿ ಟ್ಯಾಂಕಿನೊಳಗೆ ಇಳಿದ. ಉಜ್ಜಿದ, ಕೆರೆದ, ಬಡಿದ. ಹೊರಗೆ ನಮಗೆ ಕೇಳುತ್ತಿದ್ದದ್ದು ಒಂದೇ ದನಿ: "ಚಾ ಕಳಸ್ರಿ!" ತುಕ್ಕೆಲ್ಲ ತೆಗೆದು, ಒಳಗೋಡೆಗೆ ಬಣ್ಣ ಬಳಿದು, ಅದು ಒಣಗಿದ ಮೇಲೆ ಬರಿಮೈಯ ಗಟ್ಟಿಯೊಂದನ್ನು ಬೋಲ್ಟು ಹಾಕಿ ಬಿಗಿದ. ನಂಬುತ್ತೀರೋ ಬಿಡುತ್ತೀರೋ, ನೀರು ತಿಳಿಯಾಯಿತು! ಹಳದಿಗೆ ಮತ್ತೆ ಕಳೆ ಬಂತು. ಮಾವ ದಿನಾ ಬೆಳಿಗ್ಗೆ ಏಣಿ ಹತ್ತಿ, ಟ್ಯಾಂಕಿನೊಳಗೆ ಇಣುಕಿ, ಇಳಿದು ಬಂದು ಅತ್ತೆಗೆ ವರದಿ ಒಪ್ಪಿಸುವನು: "ಇವತ್ತ ಇನ್ನೊಂದೀಟು ಸವದೈತಿ ನೋಡ!" ಜನ ಮಕ್ಕಳು ಬೆಳೆದರೆ ಹಿಗ್ಗುತ್ತಾರೆ. ಇವನು ಗಟ್ಟಿ ಸವೆದರೆ ಹಿಗ್ಗುತ್ತಿದ್ದ. ಸವೆಯುತ್ತಿದೆಯೆಂದರೆ ದುಡಿಯುತ್ತಿದೆಯೆಂದೇ ಅರ್ಥವಂತೆ.

ಅಮಾವಾಸ್ಯೆ ಹತ್ತಿರ ಬಂದಾಗ ಮಾವ ಕೆಲವು ದಿನ ಮುಳಗುಂದಕ್ಕೆ ಹೋಗಿ ಬಂದ; ಅಷ್ಟರಲ್ಲಿ ನೀರು ಮತ್ತೆ ಕೆಂಪಾಗಿ, ಇಣುಕಿದರೆ ಒಳಗಿನದೇನೂ ಕಾಣದಂತಾಗಿತ್ತು. ಮದುವೆ ಸೀರೆಗಳ ನೂಲು ಮನೆಯಲ್ಲಿ ಕಾಯುತ್ತಿದೆ, ನೇಕಾರ ಫೋನಿನ ಮೇಲೆ ಫೋನು ಮಾಡುತ್ತಿದ್ದಾನೆ. ಅತ್ತೆ ಇನ್ನು ತಡೆಯಲಿಲ್ಲ. ಗುಜರಿಯವನ ಗಾಡಿ ಬಾಗಿಲಿಗೆ ಬಂದು ನಿಂತಿತು. ನಾನು ಅವತ್ತು ಅಲ್ಲೇ ಇದ್ದೆ.

"ಐದ ಮಿನಿಟ ತಡೀರಿ," ಎಂದು ಮಾವ ಗುಜರಿಯವನಿಗೆ ಕೈ ಮುಗಿದು ಮಾಳಿಗೆ ಹತ್ತಿದ. ಏಣಿ ಹಿಡಿಯಲು ನಾನೂ, ಹಿಂದೆಯೇ ಅತ್ತೆಯೂ ಹೋದೆವು. ಅವನು ನೀರು ಬಿಟ್ಟು ಟ್ಯಾಂಕಿನೊಳಗೆ ಇಳಿದ. ಆಮೇಲೆ ಒಂದು ಗುಡುಗು:

"ಈ ಗಟ್ಟಿಗೆ ಬಣ್ಣ ಹಚ್ಚಿದಾವ್ರು ಯಾರ್ಲೇ?"

ಸತುವಿಗೆ ಬಣ್ಣ ಬಳಿದರೆ ನೀರಿಗೆ ಅದು ಸಿಗುವುದಿಲ್ಲ. ನೀರು ತಿರುಗಿ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ಗೋವಾದಲ್ಲಿ ಈ ತಪ್ಪು ಮಾಡಿದವರ ಏಳು ತಲೆಮಾರನ್ನೂ ಮಾವ ಜಾಲಾಡಿಸುತ್ತಿದ್ದನಂತೆ!

ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಅಂದಳು: "ನಾನ ಹಚ್ಚೀನ್ರಿ. ನೀವು ಮುಳಗುಂದಕ್ಕ ಹೋದಾಗ, ಟ್ಯಾಂಕಿ ಖಾಲಿ ಮಾಡಿ."

"ಯಾಕಲೇ?"

"ದಿನಾ ಇಳದ ಬಂದು ಸವದೈತಿ, ಸವದೈತಿ ಅಂತಿದ್ರಿ. ಅದರ ಮ್ಯಾಲ ನಿಮ್ಮ ಜೀವ ಐತಿ. ಅದು ಕಣ್ಣ ಮುಂದ ಕರಗಿ ಹೋಗೂದು ನೋಡಿ ನನ್ನ ಕರಳು ಚುರ್ ಅಂತು. ಪಾಪ, ಉಳೀಲಿ ಅಂತ ಎರಡ ಕೈ ಬಣ್ಣ ಕೊಟ್ಟೆ."

ಈಗ ಸಿಡಿಲು ಬೀಳುತ್ತದೆಂದು ನಾನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಟ್ಯಾಂಕಿನ ಬಾಯಿಂದ ಮಾವನ ತಲೆ ಹೊರಗೆ ಬಂತು. ಟವೆಲಿನಿಂದ ಮುಖ ಒರೆಸಿಕೊಂಡು ಅತ್ತೆಯತ್ತ ತಿರುಗಿದ.

"ನಮ್ಮ ಕೆಲಸದಾಗ ಎಲ್ಲಾರೂ ಹಡಗ ಉಳೀತೇನು ಅಂತ ಕೇಳಾವ್ರನ," ಎಂದ. "ಸತುವಿಗೆ ಅಯ್ಯೋ ಪಾಪ ಅಂದಾಕಿ ನೀ ಒಬ್ಬಾಕಿನ."

ಕೆಳಗಿಳಿದು ಬಂದು ಅವಳ ಕೈ ಹಿಡಿದ. ಬಿಸಿ ಬಣ್ಣದಲ್ಲಿ, ಸೋಡಾ ನೀರಿನಲ್ಲಿ ಅದ್ದಿ ಅದ್ದಿ ಆ ಬೆರಳುಗಳು ಸೀಳುಬಿಟ್ಟಿದ್ದವು, ಉಗುರುಗಳ ಅಂಚು ಸವೆದಿತ್ತು. ಅವನು ಅವನ್ನು ಅಂದೇ ಮೊದಲ ಸಲ ನೋಡಿದವನಂತೆ ತಿರುವಿ ತಿರುವಿ ನೋಡಿದ.

"ಸತು ಸವದ್ರ ಬ್ಯಾರೆ ಹಾಕ್ತೀನಿ. ಚೀಲ ತುಂಬ ಐತಿ. ಈ ಕೈ ಸವದ್ರ ಎಲ್ಲಿಂದ ತರ್ಲಿ?"

"ಬಿಡ್ರಿ, ಹುಡುಗ ನೋಡಾಕತ್ತಾನ," ಎಂದಳು ಅತ್ತೆ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಗುಜರಿಯವನು ಚಹಾ ಕುಡಿದು ಖಾಲಿ ಗಾಡಿ ತಳ್ಳಿಕೊಂಡು ಹೋದ. ಮಾವ ಗಟ್ಟಿಯ ಬಣ್ಣ ಕೆರೆದು ತೆಗೆದು ಟ್ಯಾಂಕನ್ನು ತೊಳೆದ. ಅಮಾವಾಸ್ಯೆಯ ಗಡುವನ್ನು ಅತ್ತೆಯೇ ಮುಂದೆ ಹಾಕಿದಳು. ನೀರು ತಿಳಿಯಾಯಿತು, ನೇಕಾರನಿಗೆ ಅವನ ಹಳದಿ ಸಿಕ್ಕಿತು.

ಮೊನ್ನೆ ಹೋದಾಗ ಅತ್ತೆ ಹೊಸ್ತಿಲ ಹತ್ತಿರ ಕುರ್ಚಿ ಹಾಕಿ ಕುಳಿತಿದ್ದಳು. ಬಣ್ಣದ ಹಂಡೆಯ ಮುಂದೆ ಮಾವ! ಲಡಿ ಅದ್ದುವುದು ಈಗ ಅವನ ಕೆಲಸವಂತೆ, ಹಟ ಹಿಡಿದು ಕಸಿದುಕೊಂಡಿದ್ದಾನೆ. ಎರಡೂ ಕೈ ಮೊಣಕೈವರೆಗೆ ಹಳದಿ, ಅರಿಶಿನ ಹಚ್ಚಿದ ಮದುಮಗನ ಹಾಗೆ.

"ಎಷ್ಟ ತಿಕ್ಕಿದ್ರೂ ಹೋಗವಲ್ದಲೇ ಇದು," ಎಂದು ನನಗೆ ಕೈ ತೋರಿಸಿದ.

ಅತ್ತೆ ಕುರ್ಚಿಯಿಂದಲೇ ಅಂದಳು: "ನನ್ನ ಬಣ್ಣ ಅದು. ಹೋಗೂದಿಲ್ರಿ."